ಹಗೇವಿಗೆ ಇಳಿಯುವ ಮೊದಲು

1965ರ ಶ್ರಾವಣದಲ್ಲಿ ಆ ವಿಜ್ಞಾನ ಪತ್ರಿಕೆ ಟಪಾಲಿನಲ್ಲಿ ಬಂದಾಗ ನಾನು ಎಕ್ಸ್‌ರೇ ಯಂತ್ರಕ್ಕೆ ನೀರು ಬಿಡುತ್ತಿದ್ದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಟ ತೆರೆದೆ. ಕುಂಬಳಬೀಜದ ಪ್ರೋಟೀನಿನ ಹರಳು, ಅದರ ಎಕ್ಸ್‌ರೇ ಚಿತ್ರಗಳು, ಅಳತೆಗಳು, ಎಲ್ಲ ಸೇರಿ ಹದಿನಾಲ್ಕು ಪುಟದ ಲೇಖನ. ಬರೆದವರು ಪ್ರೊಫೆಸರ್ ಕುಬೇರಪ್ಪ. ಹರಳು ಬೆಳೆಸಿದವಳು ನಾನು, ಚಿತ್ರ ತೆಗೆದವಳು ನಾನು, ಭೂತಗನ್ನಡಿ ಹಿಡಿದು ಒಂದೊಂದು ಚುಕ್ಕೆಯನ್ನೂ ಅಳೆದವಳು ನಾನು. ನನ್ನ ಹೆಸರು ಹುಡುಕುತ್ತ ಕೊನೆಯ ಪುಟಕ್ಕೆ ಬಂದೆ. ಅಲ್ಲಿ ಒಂದು ಸಾಲಿತ್ತು: ಯಂತ್ರಗೃಹದ ಸಿಬ್ಬಂದಿಗೆ ವಂದನೆಗಳು.

ಸಿಬ್ಬಂದಿ ಎಂದರೆ ಮೂವರು. ಉಸ್ತುವಾರಿಯ ನಾನು, ಇಂಜಿನ್ ನೋಡಿಕೊಳ್ಳುವ ಖಾದರಸಾಬ, ನೀರು ಸೇದುವ ಮಾಳಪ್ಪ.

"ನಮ್ಮ ಹೆಸರೂ ಐತೇನ್ರಿ ಅಕ್ಕಾರ?" ಎಂದು ಮಾಳಪ್ಪ ಆಸೆಯಿಂದ ಕೇಳಿದ.

"ಐತಪಾ. ಮೂರೂ ಮಂದೀನ ಒಂದ ಗಂಟಿನ್ಯಾಗ ಕಟ್ಟಿ ಇಟ್ಟಾರ."

ಅವನಿಗೆ ಅಷ್ಟಕ್ಕೇ ಖುಷಿಯಾಯಿತು. ನನಗೆ ಮೈಯೆಲ್ಲ ಉರಿಯಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎಂಬ ಗಾದೆಯನ್ನು ಶಾಲೆಯಲ್ಲಿ ಎಷ್ಟೋ ಸಲ ಕಾಪಿ ಬರೆದಿದ್ದೆ. ಗೆದ್ದಲಿಗೆ ಹೇಗೆ ಅನ್ನಿಸುತ್ತದೆ ಎಂದು ಆವತ್ತು ತಿಳಿಯಿತು. ತಾಳಿದವನು ಬಾಳಿಯಾನು ಎನ್ನುತ್ತಾರೆ ಹಿರಿಯರು. ತಾಳುತ್ತೇನೆ, ಆದರೆ ಬಾಳುವುದಕ್ಕಲ್ಲ, ಈ ಮನುಷ್ಯನಿಗೆ ಮಣ್ಣು ಮುಕ್ಕಿಸುವುದಕ್ಕೆ ಎಂದುಕೊಂಡೆ. ಪತ್ರಿಕೆಯನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟೆ.

ನಮ್ಮ ವಿಶ್ವವಿದ್ಯಾಲಯದ ಯಂತ್ರಗೃಹ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ. ಸವಣೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಹಳೆಯ ಕಾರ್ಖಾನೆ, ಜಿನ್ನಿನಲ್ಲಿ ಇತ್ತು. ಯಂತ್ರ ಹಡಗಿನಲ್ಲಿ ಬಂದ ವರ್ಷ ವಿಶ್ವವಿದ್ಯಾಲಯವಿದ್ದ ದೊಡ್ಡ ಊರಿನಲ್ಲಿ ಕರೆಂಟು ದಿನಕ್ಕೆ ಐದು ಸಲ ಹೋಗುತ್ತಿತ್ತು. ಮುಚ್ಚಿಹೋಗಿದ್ದ ಈ ಜಿನ್ನಿನಲ್ಲಿ ಸ್ವಂತದ ಎಣ್ಣೆ ಇಂಜಿನ್ ಇತ್ತು, ಅದನ್ನು ಎಮ್ಮೆಯಂತೆ ಮೈತೊಳೆದು ಸಾಕುತ್ತಿದ್ದ ಖಾದರಸಾಬ ಇದ್ದ. ಹೀಗಾಗಿ ನಾಲ್ಕು ವಿಭಾಗಗಳು ಹಂಚಿಕೊಳ್ಳಬೇಕಾದ ಒಂದೇ ಯಂತ್ರ ಇಲ್ಲಿಗೆ ಬಂದು ಕೂತಿತು. ಪ್ರೊಫೆಸರರು ಬಸ್ಸಿನಲ್ಲಿ ಶಿಗ್ಗಾಂವಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸಿಗೆ ಕಾಯ್ದು, ನಮ್ಮನ್ನೆಲ್ಲ ಬಯ್ಯುತ್ತ ಬರುತ್ತಿದ್ದರು. ನಾನು ಹಾನಗಲ್ಲಿನವಳು. ಬಿ.ಎಸ್ಸಿ. ಆಗಿತ್ತು, ಮದುವೆಯ ಗೊಡವೆ ಇರಲಿಲ್ಲ. ಸವಣೂರಿಗೆ ಬೇರೆ ಯಾರೂ ಬರಲು ಒಪ್ಪದ ಕಾರಣ ಉಸ್ತುವಾರಿ ನನ್ನ ಪಾಲಿಗೆ ಬಂತು.

ಉಸ್ತುವಾರಿ ಎಂದರೆ ಅರ್ಧ ಕೆಲಸ ಯಂತ್ರದ್ದು, ಅರ್ಧ ಕೆಲಸ ಪಂಚಾಯ್ತಿಯದು. ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿದರೆ ಹಿಂದಿನ ಫಿಲ್ಮಿನ ಮೇಲೆ ರಂಗೋಲಿಯ ಹಾಗೆ ಚುಕ್ಕೆಗಳು ಬೀಳುತ್ತವೆ. ಆ ಚುಕ್ಕೆಗಳನ್ನು ಅಳೆದು, ಕಣ್ಣಿಗೆ ಕಾಣದ ಪ್ರೋಟೀನಿನ ಆಕಾರ ಲೆಕ್ಕ ಹಾಕುತ್ತಾರೆ. ಒಂದು ಫಿಲ್ಮಿಗೆ ನಲವತ್ತು ಗಂಟೆ ಬೇಕು. ಅಷ್ಟು ಹೊತ್ತೂ ಇಂಜಿನ್ ಕೆಮ್ಮಬಾರದು, ಯಂತ್ರವನ್ನು ತಣ್ಣಗಿಡುವ ನೀರು ನಿಲ್ಲಬಾರದು. ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿ ಯಾರ ಸರದಿ ಯಾವಾಗ ಎಂದು ಬರೆಯುತ್ತಿದ್ದೆ. ಇನ್ನೊಬ್ಬರ ಹೆಸರನ್ನು ಉಗುಳು ಹಚ್ಚಿ ಒರೆಸಿ ತನ್ನ ಹೆಸರು ಬರೆದುಕೊಳ್ಳುತ್ತಿದ್ದವರು ಒಬ್ಬರೇ. ಅವರು ಹಿರೇಕೆರೂರಿನ ದೊಡ್ಡ ಮನೆತನದವರು, ರಸಾಯನಶಾಸ್ತ್ರದ ಮುಖ್ಯಸ್ಥರು, ಕುಬೇರಪ್ಪನವರು. ಕೇಳಿದರೆ, "ನಿನಗ ಇದೆಲ್ಲಾ ತಿಳಿಯೂದಿಲ್ಲ ಮಹಾದೇವಕ್ಕ, ಸುಮ್ಮನಿರು" ಎನ್ನುತ್ತಿದ್ದರು.

ನನಗೆ ತಿಳಿಯುತ್ತಿದ್ದದ್ದು ಹರಳು. ಕುಂಬಳಬೀಜದ ಹಿಟ್ಟನ್ನು ಬಿಸಿ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಆರಲು ಬಿಟ್ಟರೆ ಪ್ರೋಟೀನು ಹರಳುಗಟ್ಟುತ್ತದೆ. ಬೇಗ ಆರಿದರೆ ಬರೀ ಪುಡಿ. ಬಹಳ ನಿಧಾನ ಆರಿದರೆ ಗಸಗಸೆ ಕಾಳಿನಷ್ಟು ದೊಡ್ಡ, ಎಂಟು ಮುಖದ ಹರಳು. ಹಗಲು ಸುಡುವ, ಬೆಳಗಿನ ಜಾವ ನಡುಗಿಸುವ ಸವಣೂರಿನಲ್ಲಿ ನಿಧಾನ ಎಲ್ಲಿಂದ ತರುವುದು? ಜಿನ್ನಿನ ಅಂಗಳದಲ್ಲಿ ಒಂದು ಹಳೆಯ ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ ಅದು. ಮೇಲೆ ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ಎರಡಾಳು ಆಳ. ಅಲ್ಲಿಗೆ ಹಗಲೂ ಇಳಿಯದು, ಚಳಿಯೂ ಇಳಿಯದು. ಬಿಸಿ ದ್ರಾವಣದ ಭರಣಿಯನ್ನು ಕೌದಿಯಲ್ಲಿ ಸುತ್ತಿ, ಜೋಳದ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಹೂತು, ಹಗೇವಿನ ತಳದಲ್ಲಿಟ್ಟು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದೆ. ಮೂರು ವಾರ ಬಿಟ್ಟು ತೆಗೆದರೆ ಭರಣಿಯ ತಳದಲ್ಲಿ ಹರಳು ಮಿನುಗುತ್ತಿದ್ದವು. ಎರಡು ವರ್ಷದಲ್ಲಿ ನಲವತ್ತು ಸಲ ಇಳಿದು ಹತ್ತಿದೆ. ನಲವತ್ತು ಸಲವೂ ನನ್ನ ನಡುವಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಮಾಳಪ್ಪನ ಕೈಯಲ್ಲಿತ್ತು.

ಈ ಕ್ರಮವನ್ನೆಲ್ಲ ನನ್ನ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಕುಬೇರಪ್ಪನವರು ಅದನ್ನು ಎರಡು ದಿನಕ್ಕೆಂದು ಒಯ್ದು ಎರಡು ತಿಂಗಳಿಗೆ ತಿರುಗಿ ಕೊಟ್ಟರು. ಲೇಖನದಲ್ಲಿ ಬಂದದ್ದು ಅದರದ್ದೇ ಪಡಿಯಚ್ಚು.

ಆದರೆ ಒಂದು ಮಾತನ್ನು ನಾನು ನೋಟುಬುಕ್ಕಿನಲ್ಲಿ ಬರೆದಿರಲಿಲ್ಲ. ಮುಚ್ಚಿದ ಹಗೇವನ್ನು ತೆರೆದ ಕೂಡಲೆ ಯಾರೂ ಇಳಿಯುವುದಿಲ್ಲ. ಹೊಟ್ಟು, ಕಾಳು ಒಳಗೊಳಗೇ ಬೆವತು ಗಾಳಿಯನ್ನು ಕೆಡಿಸಿರುತ್ತವೆ. ಚಪ್ಪಡಿ ಎತ್ತುವಾಗ ಮುಖ ತಿರುಗಿಸಿ ಹಿಂದೆ ಸರಿಯಬೇಕು, ಒಂದು ದಿನ ಬಾಯಿ ತೆರೆದಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ದೀಪ ತಳದವರೆಗೆ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿದವನೂ ಆರುತ್ತಾನೆ. ಹಾನಗಲ್ಲಿನಲ್ಲಿ ನಮ್ಮ ಓಣಿಯ ಇಬ್ಬರು ಅಣ್ಣತಮ್ಮಂದಿರು ಹೀಗೇ ಒಬ್ಬರ ಹಿಂದೊಬ್ಬರು ಇಳಿದರು. ಮೇಲೆ ಬಂದದ್ದು ಹೆಣಗಳು. ಇದು ನಮ್ಮ ಕಡೆ ಹಗೇವಿಗೆ ಇಳಿಯುವ ಎಲ್ಲರಿಗೂ ಗೊತ್ತು. ಉಸಿರಾಡುವುದು ಹೇಗೆ ಎಂದು ಯಾರಾದರೂ ಬರೆದಿಡುತ್ತಾರೆಯೇ? ನಾನೂ ಬರೆದಿರಲಿಲ್ಲ. ಹಾಗಾಗಿ ಅವರ ಲೇಖನದಲ್ಲೂ ಅದು ಇರಲಿಲ್ಲ.

ಮರುವರ್ಷ ಬೇಸಿಗೆಗೆ ಅವರ ಎರಡನೆಯ ಹೆಜ್ಜೆ ಕಂಡಿತು. ದಿಲ್ಲಿಗೆ ಕಳಿಸಿದ ಅರ್ಜಿಯ ಒಂದು ಪ್ರತಿ ಯಂತ್ರಗೃಹದ ಕಡತಕ್ಕೆಂದು ನನ್ನ ಕೈಗೆ ಬಂತು. ಯಂತ್ರಗೃಹವನ್ನು ಹೊಸ ಕಟ್ಟಡಕ್ಕೆ ಒಯ್ಯಬೇಕು, ಅದಕ್ಕೆ ತಮ್ಮ ತಂದೆಯವರ ಹೆಸರಿಡಬೇಕು, ತಾವೇ ಕಾಯಂ ನಿರ್ದೇಶಕರಾಗಬೇಕು, ಸಿಬ್ಬಂದಿಯನ್ನು ಹೊಸದಾಗಿ ನೇಮಿಸಬೇಕು. ಅದಕ್ಕೆ ಆಧಾರವಾಗಿ ಒಂದು ವಾಕ್ಯ: ನಾನು ಸ್ವತಃ ನಲವತ್ತು ಬಾರಿ ಹಗೇವಿಗೆ ಇಳಿದು ಹರಳುಗಳನ್ನು ಬೆಳೆಸಿದ್ದೇನೆ. ನನ್ನ ನಲವತ್ತು! ಹೆಸರು ಹೋಗಿತ್ತು, ಈಗ ಯಂತ್ರವೂ ಹೋಗುವುದರಲ್ಲಿತ್ತು. ಈ ಸಲ ಅವರು ಗೆದ್ದರೆ, ಆ ಹರಳು ನನ್ನವು ಎಂದು ಹೇಳಲು ನನಗೆ ನಿಲ್ಲುವ ಜಾಗವೂ ಇರುತ್ತಿರಲಿಲ್ಲ.

ಮುಂದಿನ ವಾರ ಅವರೇ ಬಂದರು. ಕೋಟಿನ ಧೂಳು ಕೊಡವಿಕೊಳ್ಳುತ್ತ ಅಂಗಳದಲ್ಲಿ ನಿಂತರು.

"ಮಹಾದೇವಕ್ಕ, ಮೂರು ವಾರಕ್ಕ ದಿಲ್ಲಿ ಸಮಿತಿ ಬರ್ತೈತಿ. ಇವತ್ತ ಭರಣಿ ಇಟ್ಟು ಮುಚ್ಚಿಸು. ಅವರ ಮುಂದ ನಾನ ಇಳಿದು ತರ್ತೇನಿ."

"ಆಗ್ಲಿರಿ ಸರ. ಹಿಂದಿನ ದಿನಾ ಬಾಯಿ ತೆಗಸಲ್ರಿ?"

ಈ ಪ್ರಶ್ನೆಯನ್ನು ಬೇಕೆಂದೇ ಕೇಳಿದೆ. ಹಗೇವು ಬಲ್ಲವರಿಗೆ ಅಷ್ಟೇ ಸಾಕು.

"ಹುಚ್ಚಿ ಅದಿ ಏನು? ಮುದ್ರಿ ಅವರ ಮುಂದನ ಒಡೀಬೇಕು. ಮದಲ ತೆಗದ್ರ ಏನೋ ಮೋಸಾ ಮಾಡ್ಯಾರ ಅಂತಾರ."

"ನಿಮ್ಮ ಹುಕುಂ ಹೆಂಗೋ ಹಂಗ ಸರ."

ಅವರ ಮನೆಯಂಗಳದಲ್ಲಿ ಹನ್ನೊಂದು ಹಗೇವುಗಳಿದ್ದವು. ಹನ್ನೊಂದಕ್ಕೂ ಒಡೆಯರು. ಆದರೆ ಇಳಿಯುತ್ತಿದ್ದವರು ಆಳುಗಳು. ಜೋಳ ಮೇಲೆ ಬಂದ ಮೇಲೆ ಮಾತ್ರ ಅವರ ಮನೆತನದವರ ಕಣ್ಣಿಗೆ ಬೀಳುತ್ತಿತ್ತು. ಕೆಟ್ಟ ಗಾಳಿಯಲ್ಲಿ ದೀಪ ಏಕೆ ಆರುತ್ತದೆ ಎಂದು ಕಾಲೇಜಿನಲ್ಲಿ ವರ್ಷಾ ವರ್ಷಾ ಪಾಠ ಮಾಡುವ ಮನುಷ್ಯ! ಆ ಪಾಠ ತಮ್ಮ ಅಂಗಳದಲ್ಲಿ ಹೂತಿದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಭರಣಿ ಇಟ್ಟು ಬಂದೆ. ಹೊಟ್ಟು ಚೆನ್ನಾಗಿ ಬೆವರಲಿ ಎಂದು ಎಂದಿಗಿಂತ ಒಂದು ಕೈ ಹೆಚ್ಚು ನೀರು ಚಿಮುಕಿಸಿದ್ದೆ. ಮಾಳಪ್ಪ ಮಣ್ಣು ಮೆತ್ತುತ್ತ ಕೇಳಿದ, "ಅಕ್ಕಾರ, ಬಾಯಿ ತೆಗದು ಒಂದಿನಾ ಬಿಡಬೇಕಲ್ರಿ? ಸಾಹೇಬರಿಗೆ ಹೇಳೀರಿಲ್ಲೋ?"

"ಕೇಳೇನಿ. ಬ್ಯಾಡ ಅಂದಾರ. ನಾ ಹೇಳೂಮಟಾ ನೀ ಬಾಯಿ ಹಾಕಬ್ಯಾಡ."

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮತ್ತೆ ಮಣ್ಣು ಕಲಸಿದ.

ಅವರು ಸಾಯಲಿ ಎಂದು ಬಯಸಿದೆಯಾ ಎಂದು ಕೇಳುತ್ತೀರೇನು? ಬಯಸಿದೆ. ಮೂರು ವಾರ ಊಟ ಮಾಡುವಾಗ, ಫಿಲ್ಮು ತೊಳೆಯುವಾಗ, ಅದನ್ನೇ ಬಯಸಿದೆ. ಹೆದರಿಕೆಯೂ ಆಗಲಿಲ್ಲ. ನನ್ನ ತಪ್ಪೇನಿದೆ, ಹುಕುಂ ಅವರದು, ಕಾಲು ಅವರದು.

ಸಮಿತಿ ಮುಂಜಾನೆ ಹತ್ತಕ್ಕೆ ಬಂತು. ಮೂವರು. ಇಬ್ಬರು ಉತ್ತರದವರು, ಪಾಪ, ಬಿಸಿಲಿಗೆ ಕರಗಿಹೋಗಿದ್ದರು. ಅಧ್ಯಕ್ಷರು ಫಕ್ಕೀರಪ್ಪನವರು, ನಮ್ಮ ರಟ್ಟೀಹಳ್ಳಿಯವರು. ಪುಣೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಬಿಳಿ ಟೊಪ್ಪಿಗೆ, ಮಾತು ಕಡಿಮೆ. ಯಂತ್ರ ನೋಡಿದರು, ಡಾರ್ಕ್‌ರೂಮು ನೋಡಿದರು, ಬಾಗಿಲ ಹಲಗೆಯ ಮುಂದೆ ನಿಂತು ಸರದಿಯ ಪಟ್ಟಿಯನ್ನು ಪೂರ್ತಿ ಓದಿದರು. ಕುಬೇರಪ್ಪನವರು ಅವರನ್ನು ಅಂಗಳಕ್ಕೆ ಕರೆತಂದು ಒಂದು ಭಾಷಣ ಮಾಡಿದರು. ನಮ್ಮ ರೈತರ ಹಳೆಯ ಜ್ಞಾನ, ಅದಕ್ಕೆ ತಾವು ಕೊಟ್ಟ ಹೊಸ ಬೆಳಕು, ಇತ್ಯಾದಿ. ನಾನು ಗೋಡೆಗೆ ಒರಗಿ ನಿಂತು ಕೇಳಿದೆ.

ಮಾಳಪ್ಪ, ಖಾದರಸಾಬ ಸೇರಿ ಮಣ್ಣು ಒಡೆದು ಚಪ್ಪಡಿ ಎತ್ತಿದರು. ಎತ್ತಿದ ಕೂಡಲೆ ಇಬ್ಬರೂ ಮುಖ ತಿರುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ. ಆಗ ಒಂದು ವಿಚಿತ್ರ ಕಂಡೆ. ಫಕ್ಕೀರಪ್ಪನವರೂ ಟೊಪ್ಪಿಗೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ಕುಬೇರಪ್ಪನವರೊಬ್ಬರೇ ಹಗೇವಿನ ಬಾಯಿಗೆ ಬಗ್ಗಿ, "ನೋಡ್ರಿ, ಎಷ್ಟ ತಂಪೈತಿ!" ಎಂದರು.

ಕೋಟು ಬಿಚ್ಚಿ ಖಾದರಸಾಬನ ಕೈಗೆ ಕೊಟ್ಟರು. ಬೂಟು ಬಿಚ್ಚಿದರು. ಪ್ಯಾಂಟು ಮಡಚಿದರು. ನಡುವಿಗೆ ಹಗ್ಗ ಕೇಳಲಿಲ್ಲ. "ದೀಪಾ ಬಿಡೂದಿಲ್ರೀ?" ಎಂದು ಫಕ್ಕೀರಪ್ಪನವರು ಕೇಳಿದ್ದಕ್ಕೆ, "ಬ್ಯಾಡ್ರಿ, ಕತ್ತಲಿ ರೂಢಿ ಐತಿ" ಎಂದರು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಮಾಳಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಎರಡನೆಯ ಮೆಟ್ಟಿಲು. ಮೊಣಕಾಲು ಮುಳುಗಿತು. ಮೂರನೆಯದು. ನಡು ಮುಳುಗಿತು. ಇಳಿ, ಇಳಿ ಎಂದು ನನ್ನ ಒಳಗೊಂದು ದನಿ ಎಣಿಸುತ್ತಿತ್ತು. ನಾಲ್ಕನೆಯದಕ್ಕೆ ಎದೆ. ಅವರು ತಲೆ ಎತ್ತಿ ಸಮಿತಿಯ ಕಡೆ ನಕ್ಕರು. ಆ ನಗುವ ಮುಖ ನೋಡಿದ್ದೇ ತಡ, ಗೋಡೆಗೆ ತೂಗುಹಾಕಿದ, ಹಾರ ಹಾಕಿದ ಒಂದು ಫೋಟೋ ನನ್ನ ಕಣ್ಣಿಗೆ ಕಟ್ಟಿತು.

"ಮಾಳಪ್ಪಾ, ಹಿಡಿ ಅವರನ್ನ!" ಎಂದು ಕಿರುಚಿದೆ.

ಮಾಳಪ್ಪ ಇದಕ್ಕೇ ಕಾಯುತ್ತಿದ್ದವನ ಹಾಗೆ ನೆಲಕ್ಕೆ ಬಿದ್ದು, ತನ್ನ ತಲೆಯನ್ನೇ ಬಾಯಿಯೊಳಗೆ ಚಾಚಿ, ಅವರ ಎರಡೂ ರಟ್ಟೆ ಹಿಡಿದ. ಅಷ್ಟರಲ್ಲಿ ಇನ್ನು ಮೂರು ಮೆಟ್ಟಿಲು ಇಳಿದು ತಲೆಯೂ ಮುಳುಗಿದ್ದ ಕುಬೇರಪ್ಪನವರ ಕಣ್ಣು ಮೇಲಾಗಿತ್ತು, ಕೈ ಏಣಿ ಬಿಟ್ಟಿತ್ತು. ಖಾದರಸಾಬ ಮಾಳಪ್ಪನ ನಡು ಹಿಡಿದು ಜಗ್ಗಿದ. ಇಬ್ಬರೂ ಸೇರಿ ಜೋಳದ ಚೀಲ ಎಳೆದ ಹಾಗೆ ಅವರನ್ನು ಮೇಲಕ್ಕೆ ಎಳೆದು ಹಾಕಿದರು. ನೀರು ಚಿಮುಕಿಸಿದ ಮೇಲೆ ಕೆಮ್ಮಿದರು, ಎದ್ದು ಕೂತರು, ಮೊದಲು ಬಂದದ್ದು ಸಿಟ್ಟು.

"ಏನ್ ಮೂರ್ಖತನಾ ಇದು? ಯಾಕ ಜಗ್ಗಿದ್ರಿ ನನ್ನ? ಬಿಸಲಿಗೆ ಸ್ವಲ್ಪ ತಲೀ ತಿರುಗಿತ್ತು ಅಷ್ಟ."

ಹಗೇವಿನ ಪಕ್ಕದ ಗೋಡೆಗೂಟದಲ್ಲಿದ್ದ ಕಂದೀಲು ತೆಗೆದು ಹಚ್ಚಿ, ಹಗ್ಗಕ್ಕೆ ಕಟ್ಟಿ, ಎಲ್ಲರ ಮುಂದೆ ಇಳಿಬಿಟ್ಟೆ. ಎರಡು ಮೊಳ ಇಳಿಯುವುದರೊಳಗೆ ದೀಪ ಕುಗ್ಗಿತು. ಮೂರನೆಯ ಮೊಳಕ್ಕೆ ಆರಿತು. ಕುಬೇರಪ್ಪನವರು ಆರಿದ ಕಂದೀಲನ್ನೇ ನೋಡುತ್ತ ಕೂತರು. ಪಾಠ ಈಗ ನೆನಪಾಯಿತು ಎಂದು ಮುಖದಲ್ಲೇ ಕಾಣುತ್ತಿತ್ತು.

ಫಕ್ಕೀರಪ್ಪನವರು ಅವರ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತರು.

"ಕುಬೇರಪ್ಪನವರ, ಎಷ್ಟ ಸಲಾ ಇಳಿದೇನಿ ಅಂತ ಬರದೀರಿ?"

"ನಲವತ್ತು..."

"ನಮ್ಮಪ್ಪ ಮಂದಿ ಹಗೇವಿಗೆ ಇಳಿಯೋ ಕೂಲಿ. ನಾನೂ ಸಣ್ಣಾಂವ ಇದ್ದಾಗ ಇಳಿದೇನಿ. ದೀಪಾ ಬಿಡದ ಇಳಿದಾಂವ ನಲವತ್ತ ಸಲಾ ಇಳಿಯೂದಿಲ್ರಿ, ಒಂದ ಸಲಾ ಇಳೀತಾನ." ಅವರು ಎದ್ದು ನಮ್ಮ ಕಡೆ ತಿರುಗಿದರು. "ಖರೇನ ಇಳಿದಾವ್ರು ಯಾರು?"

ಮಾಳಪ್ಪ ನನ್ನನ್ನು ತೋರಿಸಿದ. "ನಮ್ಮ ಅಕ್ಕಾರ್ರಿ. ಹಗ್ಗಾ ನಾ ಹಿಡೀತಿದ್ನಿ."

ಟ್ರಂಕಿನಿಂದ ನೋಟುಬುಕ್ಕು, ಪತ್ರಿಕೆ ಎರಡೂ ತಂದು ಫಕ್ಕೀರಪ್ಪನವರ ಮುಂದಿಟ್ಟೆ. ಇನ್ನುಳಿದದ್ದನ್ನು ಅವರೇ ಓದಿಕೊಂಡರು. ಸಮಿತಿ ಆ ದಿನ ಹೋಗಲಿಲ್ಲ. ಬೇವಿನ ಟೊಂಗೆ ಇಳಿಸಿ ಜಾಡಿಸಿ, ಗಾಳಿ ಹೊರಹಾಕಿ, ಮರುದಿನ ಕಂದೀಲು ತಳ ಮುಟ್ಟಿಯೂ ಉರಿದ ಮೇಲೆ ನಾನು ಕಚ್ಚೆ ಕಟ್ಟಿ ಇಳಿದೆ. ಹೊಟ್ಟಿನೊಳಗಿಂದ ಭರಣಿ ತಂದೆ. ಹರಳುಗಳು ಅಷ್ಟು ದೊಡ್ಡವು ಹಿಂದೆಂದೂ ಬಂದಿರಲಿಲ್ಲ.

ಅರ್ಜಿ ತಿರಸ್ಕಾರವಾಯಿತು. ಯಂತ್ರ ಸವಣೂರಿನಲ್ಲೇ ಉಳಿಯಿತು, ಉಸ್ತುವಾರಿ ನನ್ನಲ್ಲೇ. ಕುಬೇರಪ್ಪನವರು ರಾಜೀನಾಮೆ ಕೊಡುತ್ತೇನೆ ಎಂದರಂತೆ. ಬೇಡ ಎಂದು ಫಕ್ಕೀರಪ್ಪನವರಿಗೆ ಕಾಗದ ಬರೆದವಳು ನಾನು. ಎಂಥಾ ದೊಡ್ಡ ಮನಸ್ಸು ಎಂದು ಅವರು ಮೆಚ್ಚಿ ಉತ್ತರ ಬರೆದರು. ನನಗೆ ಬೇಕಾದದ್ದು ಬೇರೆ. ತಪ್ಪೊಪ್ಪಿಗೆಯನ್ನು ಕುಬೇರಪ್ಪನವರೇ ಕೈಯಾರೆ ಬರೆದು ಅದೇ ಪತ್ರಿಕೆಗೆ ಕಳಿಸಬೇಕು, ಲೇಖನದ ಮೊದಲ ಪುಟ ತಿದ್ದಿ, ಕೊನೆಯ ಪುಟಕ್ಕೆ ಆ ತಪ್ಪೊಪ್ಪಿಗೆ ಸೇರಿಸಿ, ಎರಡೂ ಮತ್ತೆ ಅಚ್ಚಾಗಬೇಕು, ಮೊದಲು ನನ್ನ ಹೆಸರು ಬರಬೇಕು. ಒಂದೊಂದು ಅಕ್ಷರ ನಾನು ಹೇಳಿದೆ, ಅವರು ಬರೆದರು.

ಅದು ಅಚ್ಚಾಗಿ ಬಂದ ದಿನ ಅವರೇ ಪತ್ರಿಕೆ ತಂದರು. ಶಿಗ್ಗಾಂವಿಯಲ್ಲಿ ಬಸ್ಸು ತಪ್ಪಿ, ಎರಡು ತಾಸು ಕಾಯ್ದು ಬಂದಿದ್ದರು. ತೆಳ್ಳಗಾಗಿದ್ದರು. ಅಂಗಳದಲ್ಲಿ ನಿಂತು ಹಗೇವಿನ ಕಡೆ ನೋಡಿ ಕೈಮುಗಿದರು.

"ಮಹಾದೇವಕ್ಕಾರ, ನಾ ನಿಮಗ ಅಷ್ಟ ಅನ್ಯಾಯಾ ಮಾಡಿದ್ರೂ ನನ್ನ ಜೀವಾ ಉಳಿಸಿದ್ರಿ. ದೇವರಂಥಾವ್ರು ನೀವು."

"ಸರ, ನಿಮ್ಮ ಎದೀಮಟಾ ಮುಳಗೂತನಕಾ ನಾ ಬಾಯಿ ಬಿಡಲಿಲ್ಲ. ಯಾಕ ಗೊತ್ತೈತೇನ್ರಿ? ಸಾಯ್ಲಿ ಅಂತ."

ಅವರ ಮುಗಿದ ಕೈ ಹಾಗೇ ನಿಂತಿತು. "ಮತ್ತ... ಯಾಕ ಕೂಗಿದ್ರಿ?"

"ಸತ್ತಿದ್ರ ವಿಜ್ಞಾನಕ್ಕ ಪ್ರಾಣಾ ಕೊಟ್ಟಾವ್ರು ಆಗ್ತಿದ್ರಿ. ಈ ಗ್ವಾಡಿಗೆ ನಿಮ್ಮ ಫೋಟೋ, ಅದಕ್ಕ ಹಾರ. ದಿನಾ ಊದಿನಕಡ್ಡಿ ಹಚ್ಚಾಕಿ ನಾನು. ನನ್ನ ಹರಳು ಕಾಯಂ ನಿಮ್ಮವಾಗಿ ಉಳೀತಿದ್ದು. ನೀವು ಇರಬೇಕ್ರಿ ಸರ, ಇದ್ದು ಓದಬೇಕು. ಓದ್ರಿ ಈಗ. ಜೋರಾಗಿ ಓದ್ರಿ."

ಅವರು ಓದಿದರು. ನನ್ನ ಹೆಸರು ಮೊದಲು, ಅವರ ಹೆಸರು ಕೆಳಗೆ. ನನಗೆ ಹೊಟ್ಟೆ ತುಂಬಿದಂತಾಯಿತು, ಇನ್ನೊಂದು ಸಲ ಓದಿಸಿದೆ. ಆಮೇಲೆ ಹಲಗೆಯ ಮೇಲೆ ಅವರ ಹೆಸರನ್ನು ಪಟ್ಟಿಯ ತಳಕ್ಕೆ ಬರೆದು, "ನಿಮ್ಮ ಸರದಿ ಆರನೇದು. ಹೊರಗ ಕಟ್ಟಿ ಮ್ಯಾಲ ಕುಂದರ್ರಿ" ಎಂದೆ. ಕೂತರು.

ನೀರಿನ ಕೊಡ ಹೊತ್ತು ಬಂದ ಮಾಳಪ್ಪ ಪತ್ರಿಕೆ ಕಂಡು ನಿಂತ. ಕೊಡ ಇಳಿಸಿ, ಕೈ ಒರೆಸಿಕೊಂಡ.

"ಈ ಸಲಾರೆ ನಮ್ಮ ಹೆಸರು ಐತೇನ್ರಿ ಅಕ್ಕಾರ? ಹಗ್ಗಾ ಹಿಡದಾಂವ, ಸಾಹೇಬರ ರಟ್ಟಿ ಜಗ್ಗಿದಾಂವ ನಾನ ಅಲ್ರಿ?"

ನಾನು ಕೊನೆಯ ಪುಟ ತೆರೆದೆ. ತಿದ್ದುಪಡಿಯ ಒಂದೊಂದು ಅಕ್ಷರವನ್ನೂ ಹೇಳಿ ಬರೆಸಿದವಳು ನಾನೇ. ನನ್ನ ಹೆಸರು ಸರಿಯಾಗಿದೆಯೋ ಇಲ್ಲವೋ ಎಂದು ಹತ್ತು ಸಲ ನೋಡಿದವಳೂ ನಾನೇ. ತಳದಲ್ಲಿ ಸಿಬ್ಬಂದಿಗೆ ವಂದನೆ ಹೇಳುವ ಸಾಲು ಹಿಂದೆ ಹೇಗಿತ್ತೋ ಹಾಗೇ ಇತ್ತು. ಅದನ್ನು ತಿದ್ದಬೇಕು ಎಂದು ನನಗೆ ಒಂದು ಸಲವೂ ಹೊಳೆದಿರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಕುಬೇರಪ್ಪನವರಿಗೆ ಆ ಸಾಲು ಗೊತ್ತಿತ್ತು. ಅವರದೇ ಸಾಲಲ್ಲವೇ? ಎಷ್ಟೋ ತಿಂಗಳ ನಂತರ ಅವರು ಮೊದಲ ಸಲ ನಕ್ಕದ್ದು ನೋಡಿದೆ.

"ಓದ್ರಿ ಮಹಾದೇವಕ್ಕಾರ," ಎಂದರು. "ಜೋರಾಗಿ ಓದ್ರಿ. ಮಾಳಪ್ಪ ಕೇಳಾಕತ್ತಾನ."

ಮಾಳಪ್ಪ ನನ್ನ ಬಾಯನ್ನೇ ನೋಡುತ್ತ ನಿಂತಿದ್ದ. ನಾನು ಓದಿದೆ.